ಸೈನಿಕ ಲಸಿಕೆ ಬೇಡವೆಂದರೆ ಏನಾಗುತ್ತದೆ?

"ಸೇನೆಗೆ ಸೇರಿದ ದಿನದಿಂದ ಸಾಲಿನಲ್ಲಿ ನಿಂತು ಎಷ್ಟೋ ಲಸಿಕೆ ಹಾಕಿಸಿಕೊಂಡವರು ಅಮೆರಿಕದ ಸೈನಿಕರು. ಕೋವಿಡ್ ಲಸಿಕೆ ಬಂದಾಗ ಮಾತ್ರ ಯಾಕೆ ತಿರುಗಿಬಿದ್ದರು? ಆಜ್ಞೆ ಅಂದರೆ ಆಜ್ಞೆ ಅಲ್ಲವೇ?" ಸೇನಾ ಕಾನೂನಿನ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೊಡಗಿನಿಂದಲೋ ಬೆಳಗಾವಿಯಿಂದಲೋ ಮಗನನ್ನು ಸೇನೆಗೆ ಕಳಿಸಿದವರು ಅದರ ಬೆನ್ನಿಗೇ ಇನ್ನೊಂದನ್ನು ಕೇಳುತ್ತಾರೆ: ನಮ್ಮಲ್ಲಿ ಯಾರಾದರೂ ಬೇಡವೆಂದರೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. "ಈ ಲಸಿಕೆ ಅಪಾಯಕಾರಿ" ಎಂದಷ್ಟೇ ವಾದಿಸಿದ ಸೈನಿಕರಿಗೆ ನ್ಯಾಯಾಲಯಗಳಲ್ಲಿ ಹೆಚ್ಚೇನೂ ದಕ್ಕಲಿಲ್ಲ. "ನೀವು ಬರೆದ ನಿಯಮವನ್ನು ನೀವೇ ಪಾಲಿಸಿಲ್ಲ" ಎಂದು ಸರ್ಕಾರವನ್ನು ಹಿಡಿದು ನಿಲ್ಲಿಸಿದವರು ಹಲವು ಸಲ ಗೆದ್ದರು. ಇದು ಹೀಗೇ ಇರಬೇಕು ಎನ್ನುವುದು ನನ್ನ ನಂಬಿಕೆ. ಲಸಿಕೆಗಳ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ಆದರೆ ಬೇರೆಯವರ ಮೈಗೆ ಸೂಜಿ ಚುಚ್ಚಿ ಎಂದು ಆಜ್ಞೆ ಮಾಡುವ ಅಧಿಕಾರ ಸಣ್ಣದಲ್ಲ. ಅದನ್ನು ಬಳಸುವವರ ಕಾಗದಪತ್ರ ಸರಿಯಿರಲೇಬೇಕು.

ಸೇನೆಗೆ ಈ ಅಧಿಕಾರ ಇಂದು ನಿನ್ನೆ ಬಂದದ್ದಲ್ಲ. 1777ರ ಫೆಬ್ರುವರಿಯಲ್ಲಿ ಜಾರ್ಜ್ ವಾಷಿಂಗ್ಟನ್ ತನ್ನ ಸೈನಿಕರಿಗೆಲ್ಲ ಸಿಡುಬಿನ ಸೋಂಕನ್ನೇ ಅಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ಹಚ್ಚಿಸುವ ಆಜ್ಞೆ ಹೊರಡಿಸಿದ. ಜೆನ್ನರ್‌ನ ಲಸಿಕೆ ಬರಲು ಆಗಿನ್ನೂ ಸುಮಾರು ಇಪ್ಪತ್ತು ವರ್ಷವಿತ್ತು. ಇಂದಿನ ಅಮೆರಿಕದಲ್ಲಿ ಲಸಿಕೆ ನಿರಾಕರಿಸುವುದು ಸೇನಾ ದಂಡಸಂಹಿತೆಯ 92ನೇ ವಿಧಿಯಡಿ ಆಜ್ಞಾ ಉಲ್ಲಂಘನೆ. ಮೇಲಧಿಕಾರಿ ಮುಖಾಮುಖಿ ಹೇಳಿದ್ದನ್ನು ಬೇಕೆಂದೇ ಮೀರಿದರೆ 90ನೇ ವಿಧಿ. ಆಜ್ಞೆ ಕಾನೂನುಬದ್ಧ ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ಸೈನಿಕನದು.

ಹಾಗಿದ್ದರೆ ಆಜ್ಞೆ ಎಲ್ಲಿ ಸಡಿಲವಾಗುತ್ತದೆ? ಔಷಧದ ಪರವಾನಗಿಯಲ್ಲಿ. 1991ರ ಕೊಲ್ಲಿ ಯುದ್ಧದಲ್ಲಿ ನರಾನಿಲದ, ಅಂದರೆ ನರಗಳನ್ನು ಕೆಡಿಸುವ ವಿಷಾನಿಲದ, ವಿರುದ್ಧ ರಕ್ಷಣೆಗೆಂದು ಪಿರಿಡೋಸ್ಟಿಗ್ಮಿನ್ ಮಾತ್ರೆಗಳನ್ನು ಸೈನಿಕರ ಒಪ್ಪಿಗೆ ಕೇಳದೆ ಕೊಡಲಾಗಿತ್ತು. ಆ ಉಪಯೋಗಕ್ಕೆ ಮಾತ್ರೆಗೆ ಆಗ ಪರವಾನಗಿ ಇರಲಿಲ್ಲ. ಅದರ ಮೇಲೆದ್ದ ಗದ್ದಲದ ಫಲವಾಗಿ ಅಮೆರಿಕದ ಕಾನೂನು ಸಂಹಿತೆಯಲ್ಲಿ ಸೇನೆಗೆ ಸಂಬಂಧಿಸಿದ ಹತ್ತನೇ ಭಾಗದ 1107ನೇ ಕಲಂ ಬಂತು. ಪ್ರಯೋಗದ ಹಂತದ ಔಷಧವನ್ನಾಗಲಿ, ಪರವಾನಗಿ ಪಡೆಯದ ಉಪಯೋಗಕ್ಕೆ ಬಳಸುವ ಔಷಧವನ್ನಾಗಲಿ ಸೈನಿಕನಿಗೆ ಕೊಡಬೇಕಾದರೆ ಅವನ ತಿಳಿವಳಿಕೆಯ ಒಪ್ಪಿಗೆ ಬೇಕು, ಇಲ್ಲವೇ ರಾಷ್ಟ್ರಾಧ್ಯಕ್ಷರೇ ಲಿಖಿತವಾಗಿ ಅದನ್ನು ಮನ್ನಾ ಮಾಡಬೇಕು. ತುರ್ತು ಬಳಕೆಯ ಅನುಮತಿ ಪಡೆದ ಔಷಧಕ್ಕೆ 1107ಎ ಎಂಬ ಇನ್ನೊಂದು ಕಲಂ. ಅಲ್ಲಿಯೂ ನಿರಾಕರಿಸುವ ಆಯ್ಕೆಯನ್ನು ಕಿತ್ತುಕೊಳ್ಳಬಲ್ಲವರು ರಾಷ್ಟ್ರಾಧ್ಯಕ್ಷರೊಬ್ಬರೇ.

ಈ ಬೀಗ ಮೊದಲು ಕೆಲಸ ಮಾಡಿದ್ದು ಆಂಥ್ರಾಕ್ಸ್ ಪ್ರಕರಣದಲ್ಲಿ. ನಮ್ಮ ದನ ಕುರಿ ಸಾಕುವವರು ನೆರಡಿ ಎನ್ನುವ ರೋಗ ಅದು. 1998ರಲ್ಲಿ ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ, ಎಲ್ಲ ಸೈನಿಕರಿಗೂ ಆಂಥ್ರಾಕ್ಸ್ ಲಸಿಕೆ ಕಡ್ಡಾಯ ಮಾಡಲು ಹೊರಟಿತು. ಆರು ಡೋಸು: ಮೊದಲ ದಿನ, 2 ವಾರಕ್ಕೆ, 4 ವಾರಕ್ಕೆ, ಆಮೇಲೆ 6, 12 ಮತ್ತು 18 ತಿಂಗಳಿಗೆ. ನಂತರ ವರ್ಷಕ್ಕೊಂದು. ಆಗ ಅದನ್ನು ಸ್ನಾಯುವಿಗಲ್ಲ, ಚರ್ಮದಡಿಗೆ ಕೊಡುತ್ತಿದ್ದರು. ಗಂಟು, ಊತ, ಉರಿ ಸಾಮಾನ್ಯವಾಗಿತ್ತು. ಮೀಸಲು ಪಡೆಗಳ ಪೈಲಟ್‌ಗಳು ಕೆಲಸ ಬಿಟ್ಟರು. ಕೆಲವರು ಕೋರ್ಟ್ ಮಾರ್ಷಲ್ ಎದುರಿಸಿದರು.

ಲಸಿಕೆಗೆ 1970ರಿಂದಲೇ ಪರವಾನಗಿ ಇತ್ತು ಎನ್ನುವುದು ಪೆಂಟಗನ್ನಿನ ಉತ್ತರ. ಅದು ಸುಳ್ಳಲ್ಲ. ಆದರೆ ಯಾವುದಕ್ಕೆ ಪರವಾನಗಿ? ಆಧಾರವಾಗಿದ್ದ ಅಧ್ಯಯನ 1950ರ ದಶಕದಲ್ಲಿ ಮೇಕೆಯ ಕೂದಲು ಸಂಸ್ಕರಿಸುವ ಗಿರಣಿಗಳ ಕಾರ್ಮಿಕರ ಮೇಲೆ ನಡೆದದ್ದು. ಅಲ್ಲಿ ಹೆಚ್ಚು ಕಂಡದ್ದು ಚರ್ಮಕ್ಕೆ ತಗುಲುವ ಆಂಥ್ರಾಕ್ಸ್. ಉಸಿರಿನ ಮೂಲಕ ಬಂದ ಪ್ರಕರಣಗಳು ತೀರ್ಮಾನಕ್ಕೆ ಬರಲಾಗದಷ್ಟು ಕಡಿಮೆ. ಪೆಂಟಗನ್ ಹೆದರಿದ್ದು ಮಾತ್ರ ಗಾಳಿಯಲ್ಲಿ ಸಿಂಪಡಿಸುವ ಅಸ್ತ್ರಕ್ಕೆ. ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ 1985ರಲ್ಲಿ ಕರಡು ಆದೇಶವೊಂದನ್ನು ಹೊರಡಿಸಿ, ಅಂತಿಮಗೊಳಿಸದೆ ಹದಿನೆಂಟು ವರ್ಷ ಹಾಗೇ ಬಿಟ್ಟಿತ್ತು.

2003ರ ಡಿಸೆಂಬರ್ 22ರಂದು ನ್ಯಾಯಾಧೀಶ ಎಮೆಟ್ ಸಲ್ಲಿವನ್ ಈ ಲೋಪವನ್ನೇ ಮುಂದಿಟ್ಟು ಕಡ್ಡಾಯಕ್ಕೆ ತಡೆ ಕೊಟ್ಟರು. ಅಂತಿಮ ಆದೇಶವಿಲ್ಲದ ಮೇಲೆ ಉಸಿರಿನ ಆಂಥ್ರಾಕ್ಸ್‌ಗೆ ಈ ಲಸಿಕೆ ಬಳಸುವುದು ಪ್ರಯೋಗವೇ, ಆದ್ದರಿಂದ ಒಪ್ಪಿಗೆ ಬೇಕು ಎಂದರು. ಹದಿನೆಂಟು ವರ್ಷ ಧೂಳು ತಿಂದ ಕಡತಕ್ಕೆ ಎಫ್‌ಡಿಎ ಎಂಟೇ ದಿನದಲ್ಲಿ ಅಂತಿಮ ಮುದ್ರೆ ಒತ್ತಿತು. ಆ ಅವಸರದಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಹಂತ ಬಿಟ್ಟುಹೋಯಿತು. 2004ರ ಅಕ್ಟೋಬರ್‌ನಲ್ಲಿ ಸಲ್ಲಿವನ್ ಅದನ್ನೂ ರದ್ದು ಮಾಡಿದರು. 2005ರಲ್ಲಿ ಲಸಿಕೆ ಐಚ್ಛಿಕವಾಯಿತು. ಅದೇ ವರ್ಷಾಂತ್ಯಕ್ಕೆ ಎಫ್‌ಡಿಎ ಈ ಸಲ ಕ್ರಮಬದ್ಧವಾಗಿ ಆದೇಶ ಹೊರಡಿಸಿತು. 2006ರ ಅಕ್ಟೋಬರ್‌ನಲ್ಲಿ ಅಪಾಯವಲಯಗಳಿಗೆ ಹೋಗುವವರಿಗೆ ಕಡ್ಡಾಯ ಮರಳಿತು. ಲಸಿಕೆ ಮೊದಲಿನದೇ. ಬದಲಾದದ್ದು ಕಡತ ಮಾತ್ರ.

ಇಲ್ಲಿ ಹಲವರು ಎಡವುತ್ತಾರೆ. ನಾಗರಿಕ ನ್ಯಾಯಾಲಯದಲ್ಲಿ ಕಾರ್ಯಕ್ರಮಕ್ಕೆ ತಡೆ ಸಿಕ್ಕಿತೆಂದರೆ ಅದಕ್ಕೆ ಮೊದಲು ಶಿಕ್ಷೆಯಾದವನ ಅಪರಾಧ ತಾನಾಗಿ ಅಳಿಯುವುದಿಲ್ಲ. ಆಂಥ್ರಾಕ್ಸ್ ಲಸಿಕೆಯ ಆಜ್ಞೆ ಕಾನೂನುಬದ್ಧವಾಗಿತ್ತೆಂದೇ ಸೇನಾ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ಹೇಳಿತು. "ಕೋರ್ಟು ನೋಡಿಕೊಳ್ಳುತ್ತದೆ" ಎಂದು ಮೊದಲೇ ಆಜ್ಞೆ ಮುರಿಯುವವರು ಇದನ್ನು ತಿಳಿದಿರಬೇಕು.

ಇನ್ನು ಕೋವಿಡ್. 2021ರ ಆಗಸ್ಟ್ 23ರಂದು ಫೈಜರ್ ಲಸಿಕೆಗೆ ಪೂರ್ಣ ಪರವಾನಗಿ ಸಿಕ್ಕಿತು. ಮರುದಿನವೇ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಅವರ ಆಜ್ಞೆ ಹೊರಬಿತ್ತು. ಪೂರ್ಣ ಪರವಾನಗಿ ಇರುವ, ಪರವಾನಗಿಯ ಲೇಬಲ್ ಹೊತ್ತ ಲಸಿಕೆ ಮಾತ್ರ ಕಡ್ಡಾಯ ಎಂದು ಆ ಆಜ್ಞೆಯೇ ಹೇಳಿತ್ತು. ಚಿಕಿತ್ಸಾಲಯಗಳಲ್ಲಿದ್ದ ಶೀಶೆಗಳ ಮೇಲಿದ್ದದ್ದು ಬಹುತೇಕ ತುರ್ತು ಅನುಮತಿಯ ಲೇಬಲ್. ಒಳಗಿರುವುದು ಒಂದೇ ದ್ರವ, ಅದಲುಬದಲು ಮಾಡಬಹುದು ಎಂದು ಇಲಾಖೆ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಕಳಿಸಿತು. ವೈದ್ಯರಿಗೆ ಆ ಮಾತು ಸಾಕು. ಕಾನೂನಿಗೆ ಸಾಲದು, ಏಕೆಂದರೆ 1107ಎ ಕಲಮಿನ ಮನ್ನಾಪತ್ರಕ್ಕೆ ರಾಷ್ಟ್ರಾಧ್ಯಕ್ಷರು ಸಹಿ ಹಾಕಿರಲೇ ಇಲ್ಲ. ಫ್ಲಾರಿಡಾದ ಫೆಡರಲ್ ನ್ಯಾಯಾಧೀಶರೊಬ್ಬರು ನವೆಂಬರ್‌ನಲ್ಲಿ ತಡೆಯಾಜ್ಞೆ ಕೊಡದಿದ್ದರೂ, ಇಲಾಖೆಯ ಈ ಅದಲುಬದಲಿನ ವಾದವನ್ನು ಒಪ್ಪಲಿಲ್ಲ.

ಎರಡನೆಯ ತಕರಾರು ಈಗಾಗಲೇ ಸೋಂಕು ತಗುಲಿ ಗುಣವಾದವರದ್ದು. ಸೇನೆಯ ಸ್ವಂತ ಲಸಿಕಾ ನಿಯಮಾವಳಿ, 2013ರ ಎಆರ್ 40-562, ರಕ್ತಪರೀಕ್ಷೆ ಅಥವಾ ದಾಖಲಾದ ಸೋಂಕಿನಿಂದ ರೋಗನಿರೋಧಕತೆ ಕಂಡರೆ ವೈದ್ಯಕೀಯ ವಿನಾಯಿತಿಗೆ ಅವಕಾಶ ಕೊಡುತ್ತದೆ. ಕೋವಿಡ್ ಆಜ್ಞೆ ಆ ಬಾಗಿಲನ್ನು ಮುಚ್ಚಿತು. ಎರಡು ಡೋಸಿನ ಎಂಆರ್‌ಎನ್‌ಎ ಲಸಿಕೆಯ ನಂತರ ಹೃದಯಸ್ನಾಯುವಿನ ಉರಿಯೂತ ಕಾಣಿಸಿಕೊಂಡ 23 ಪುರುಷ ಸೈನಿಕರ ವರದಿಯನ್ನು ಸೇನೆಯ ವೈದ್ಯರೇ 2021ರಲ್ಲಿ ಪ್ರಕಟಿಸಿದ್ದರು. ಕೊಟ್ಟಿದ್ದ ಡೋಸುಗಳು 28 ಲಕ್ಷ, 23ರಲ್ಲಿ 20 ಪ್ರಕರಣ ಎರಡನೇ ಡೋಸಿನ ನಂತರದವು. ಅಪರೂಪ, ನಿಜ. ಆದರೆ ಸೋಂಕಾಗಿ ಗುಣವಾದ 20 ವರ್ಷದ ಹುಡುಗನಿಗೆ ಎರಡನೇ ಡೋಸು ಮುಂದೂಡುವ ದಾರಿಯನ್ನು ತೆರೆದಿಟ್ಟಿದ್ದರೆ ಪ್ರತಿರೋಧದ ದೊಡ್ಡ ಪಾಲು ಅಲ್ಲೇ ಕರಗುತ್ತಿತ್ತೆಂದು ನನ್ನ ಎಣಿಕೆ.

ಮೂರನೆಯದು ಧಾರ್ಮಿಕ ವಿನಾಯಿತಿ. ಸೇನೆ ಅತಿ ಕೆಟ್ಟದಾಗಿ ನಡೆದುಕೊಂಡದ್ದು ಇಲ್ಲಿ. ಕ್ರಮ ಹೀಗೆ: ಸೈನಿಕ ಲಿಖಿತ ಅರ್ಜಿ ಕೊಡಬೇಕು. ಚಾಪ್ಲಿನ್, ಅಂದರೆ ಸೇನೆಯ ಧರ್ಮಗುರು, ಮಾತನಾಡಿಸಿ ನಂಬಿಕೆ ಪ್ರಾಮಾಣಿಕವೇ ಎಂದು ಟಿಪ್ಪಣಿ ಬರೆಯಬೇಕು. ವೈದ್ಯರು ಲಸಿಕೆಯ ಲಾಭ ಅಪಾಯ ವಿವರಿಸಬೇಕು. ಕಮಾಂಡರ್ ಶಿಫಾರಸು ಮಾಡಬೇಕು. ಕಡತ ಮೇಲಕ್ಕೆ ಹೋಗಬೇಕು. 1993ರ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆಯ ಪ್ರಕಾರ, ಈ ವ್ಯಕ್ತಿಗೆ ಈ ಹುದ್ದೆಯಲ್ಲಿ ಲಸಿಕೆ ಹಾಕದೆ ಬೇರೆ ದಾರಿಯೇ ಇಲ್ಲವೇ ಎಂದು ಸರ್ಕಾರ ತೋರಿಸಬೇಕು. "ಎಲ್ಲರಿಗೂ ಬೇಕು" ಎನ್ನುವುದು ಉತ್ತರವಾಗದು.

ಅರ್ಜಿಗಳೆಲ್ಲ ಗಟ್ಟಿಯಾಗಿದ್ದವು ಎಂದಲ್ಲ. ಭ್ರೂಣದ ಕೋಶಗಳಿಂದ ಬೆಳೆಸಿದ ಕೋಶಸಂತತಿಯನ್ನು ಪರೀಕ್ಷೆಯಲ್ಲಿ ಬಳಸಿದ್ದಾರೆ ಎಂಬುದು ಸಾಮಾನ್ಯ ಆಕ್ಷೇಪ. ಅಂಥದೇ ಕೋಶಗಳಲ್ಲಿ ತಯಾರಾಗುವ ರುಬೆಲ್ಲಾ, ಹೆಪಟೈಟಿಸ್ ಎ ಲಸಿಕೆಗಳನ್ನು ಸೇನೆ ಕೊಡುತ್ತಲೇ ಬಂದಿದೆ. ಅದು ಗೊತ್ತಾದದ್ದು ಯಾವಾಗ, ಗೊತ್ತಾದ ಮೇಲೆ ಏನು ಮಾಡಿದಿರಿ ಎಂಬ ಪ್ರಶ್ನೆಗೆ ತಮ್ಮ ಮಾತಿನಲ್ಲಿ ಉತ್ತರಿಸಿದವರ ಅರ್ಜಿಗೆ ತೂಕವಿತ್ತು. ಅಂತರ್ಜಾಲದ ಮಾದರಿ ಪತ್ರಕ್ಕೆ ಹೆಸರು ಸೇರಿಸಿ ಕೊಟ್ಟದ್ದಕ್ಕೆ ಇರಲಿಲ್ಲ.

ಆದರೆ ಮಾದರಿ ಪತ್ರ ಬಳಸಿದ್ದು ಸೈನಿಕರಷ್ಟೇ ಅಲ್ಲ. ನೌಕಾಪಡೆಯ ಐವತ್ತು ಹಂತಗಳ ಕಾರ್ಯವಿಧಾನದಲ್ಲಿ ಅರ್ಜಿ ಓದುವ ಮೊದಲೇ ತಿರಸ್ಕಾರದ ಸಿದ್ಧ ಪತ್ರ ತಯಾರಾಗುತ್ತಿತ್ತು. 2022ರ ಜನವರಿ 3ರಂದು ಟೆಕ್ಸಸ್‌ನ ನ್ಯಾಯಾಧೀಶ ರೀಡ್ ಓ'ಕಾನರ್ ಇದನ್ನು ನಾಟಕವೆಂದು ಕರೆದು, ದಾವೆ ಹೂಡಿದ್ದ ಸೀಲ್ ಎಂಬ ನೌಕಾಪಡೆಯ ವಿಶೇಷ ಕಮಾಂಡೋಗಳ ಪರ ತಡೆಯಾಜ್ಞೆ ಕೊಟ್ಟರು. ಜೂನ್‌ನಲ್ಲಿ ರಕ್ಷಣಾ ಇಲಾಖೆಯ ಪ್ರಭಾರಿ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಇಲಾಖೆಯ ಒಳತನಿಖೆಯ ಮುಖ್ಯಸ್ಥರೇ, ಲೆಕ್ಕ ಹಾಕಿದರು: ದಿನಕ್ಕೆ ಸರಾಸರಿ 50 ತಿರಸ್ಕಾರ, ಬಿಡುವಿಲ್ಲದೆ ಹತ್ತು ಗಂಟೆ ಕೂತರೂ ಒಂದು ಕಡತಕ್ಕೆ ಸುಮಾರು 12 ನಿಮಿಷ. ಒಬ್ಬ ಮನುಷ್ಯನ ಹದಿನೈದು ವರ್ಷದ ಸೇವೆಯನ್ನು ಹನ್ನೆರಡು ನಿಮಿಷದಲ್ಲಿ ತೂಗಲಾಗದು.

ಹಾಗೆಂದು ನ್ಯಾಯಾಲಯ ಸೇನೆಯ ಕೈಯನ್ನು ಪೂರ್ತಿ ಕಟ್ಟಲಿಲ್ಲ. 2022ರ ಮಾರ್ಚ್ 25ರಂದು ಸುಪ್ರೀಂ ಕೋರ್ಟ್ ಈ ಸೀಲ್ ಪ್ರಕರಣದಲ್ಲಿ, ಯಾರನ್ನು ಎಲ್ಲಿಗೆ ನಿಯೋಜಿಸಬೇಕು ಎಂಬ ನಿರ್ಧಾರ ನೌಕಾಪಡೆಯದೇ ಎಂದಿತು. ಜಲಾಂತರ್ಗಾಮಿಯ ಒಳಗಿನ ಗಾಳಿಯನ್ನು ಬಲ್ಲ ಯಾರೂ ಇದಕ್ಕೆ ಅಡ್ಡಿ ಹೇಳಲಾರರು.

ನಿರಾಕರಿಸಿ ಹೊರಬಿದ್ದವರು ಎಂಟು ಸಾವಿರಕ್ಕೂ ಹೆಚ್ಚು. ಬಿಡುಗಡೆ ಪತ್ರದಲ್ಲಿ ಏನು ಬರೆದಿದೆ ಎಂಬುದು ಅವರ ಬದುಕನ್ನೇ ನಿರ್ಧರಿಸುತ್ತದೆ. ಅಮೆರಿಕದ ಸಂಸತ್ತು ಕಾನೂನು ಮಾಡಿದ್ದರಿಂದ ಕೇವಲ ಈ ಕಾರಣಕ್ಕೆ ಅಗೌರವದ ವಜಾ ಮಾಡುವಂತಿರಲಿಲ್ಲ. ಆದರೆ 'ಗೌರವಯುತ' ಎಂದಿದ್ದರೆ ಕಾಲೇಜು ಶುಲ್ಕ ಭರಿಸುವ ಜಿಐ ಬಿಲ್ ಸವಲತ್ತು ಉಳಿಯುತ್ತದೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಸಾಮಾನ್ಯ' ಎಂದಿದ್ದರೆ ಹೋಗುತ್ತದೆ. 2022ರ ಡಿಸೆಂಬರ್‌ನ ರಕ್ಷಣಾ ಕಾಯ್ದೆಯ ಒತ್ತಡದಿಂದ ಆಸ್ಟಿನ್ 2023ರ ಜನವರಿ 10ರಂದು ಆಜ್ಞೆ ಹಿಂತೆಗೆದುಕೊಂಡರು. 2025ರ ಜನವರಿ 27ರಂದು ಟ್ರಂಪ್ ಆದೇಶ ಬಂತು: ಬಲವಂತವಾಗಿ ಹೊರಹಾಕಿಸಿಕೊಂಡವರು ಕೋರಿದರೆ ಹಳೆಯ ದರ್ಜೆ, ಬಾಕಿ ವೇತನದೊಂದಿಗೆ ಮರಳಬಹುದು. ತಾವಾಗಿ ಬಿಟ್ಟವರು ಲಸಿಕೆಯ ಕಾರಣಕ್ಕೇ ಬಿಟ್ಟೆವೆಂದು ಪ್ರಮಾಣಪತ್ರ ಕೊಟ್ಟು ಮರಳಬಹುದು.

ನಮ್ಮಲ್ಲಿ ಚಿತ್ರ ಬೇರೆ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದ್ದನ್ನು ಸೈನಿಕ ತನಗೆ ನೇರವಾಗಿ ಅನ್ವಯಿಸಿಕೊಳ್ಳಲು ಹೋದರೆ ಈ ವಿಧಿ ಎದುರಾಗುತ್ತದೆ. 2021ರಲ್ಲಿ ವಾಯುಪಡೆಯ ಕಾರ್ಪೊರಲ್ ಒಬ್ಬರು ಕೋವಿಡ್ ಲಸಿಕೆ ಒಲ್ಲೆನೆಂದು ಗುಜರಾತ್ ಹೈಕೋರ್ಟಿಗೆ ಹೋದರು. ಜನಸಾಮಾನ್ಯರಿಗೆ ಲಸಿಕೆ ಐಚ್ಛಿಕ, ವಾಯುಪಡೆಯಲ್ಲಿ ಅದು ಸೇವಾ ಷರತ್ತು ಎಂದು ಕೇಂದ್ರ ವಾದಿಸಿತು. ನಿರಾಕರಿಸಿದವರು ಒಂಬತ್ತು ಮಂದಿ, ಕಾರಣ ಕೇಳಿದ ನೋಟಿಸಿಗೆ ಉತ್ತರ ಕೊಡದ ಒಬ್ಬರನ್ನು ಸೇವೆಯಿಂದ ತೆಗೆಯಲಾಗಿದೆ ಎಂದೂ ತಿಳಿಸಿತು. ಅರ್ಜಿದಾರರು ಉತ್ತರ ಕೊಟ್ಟಿದ್ದರು. ಅದನ್ನು ಹೊಸದಾಗಿ ಪರಿಶೀಲಿಸಿ ಎಂದು ಹೈಕೋರ್ಟ್ ಹೇಳಿ, ಅಲ್ಲಿಯವರೆಗೆ ರಕ್ಷಣೆ ನೀಡಿತು.

ಆದ್ದರಿಂದ ಸಾಂಬ್ರಾದ ಇಲ್ಲವೇ ಜಾಲಹಳ್ಳಿಯ ವಾಯುಪಡೆ ನೆಲೆಯಲ್ಲಿರುವ ಹುಡುಗನ ಮನೆಯವರು ಕೇಳಿದರೆ ನಾನು ಹೇಳುವುದು ಇಷ್ಟು. ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿಯಾಗಿದ್ದರೆ ಘಟಕದ ವೈದ್ಯಾಧಿಕಾರಿಯಿಂದ ಅದನ್ನು ದಾಖಲೆಗೆ ಬರೆಸಿ. ಬಾಯಿಮಾತಿಗೆ ಬೆಲೆಯಿಲ್ಲ. ಆಕ್ಷೇಪವಿದ್ದರೆ ಸೂಜಿಯ ಮುಂದೆ ನಿಂತು ಹೇಳುವ ಬದಲು ಮೊದಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸು ಬಂದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಕೊಡಿ, ಒಂದು ಪ್ರತಿ ಮನೆಗೂ ಕಳಿಸಿ. ಕೊಟ್ಟ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ನಿಮ್ಮ ಹತ್ತಿರವೂ ಇರಲಿ. ಅಡ್ಡಪರಿಣಾಮದ ದೂರು ಕೊಡುವಾಗಲಿ, ಮುಂದೆ ಅಂಗವೈಕಲ್ಯ ಪಿಂಚಣಿ ಕೋರುವಾಗಲಿ ಮೊದಲು ಕೇಳುವುದು ಅದನ್ನೇ.