ಕಮಾಂಡ್ ಒಂದೇ, ಹೈಪರ್‌ವೈಸರ್ ಮೂರು: ಕಾಫಿ ಕ್ಯೂರಿಂಗ್ ಸರ್ವರ್‌ಗಳಿಂದ ಕಲಿತದ್ದು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ತೂಕದ ಚೀಟಿ, ಗೋಡೌನ್ ಸ್ಟಾಕ್, ಔಟ್‌ಟರ್ನ್ (ಮೂಟೆಗೆ ಎಷ್ಟು ಬೀಜ ಬಂತು) ಲೆಕ್ಕ, ಟ್ಯಾಲಿ, ಎಲ್ಲವೂ ವರ್ಚುವಲ್ ಮಷೀನ್‌ಗಳಲ್ಲೇ, ಅಂದರೆ ಒಂದು ಸರ್ವರ್ ಒಳಗೆ ಬೇರೆ ಬೇರೆ ಕಂಪ್ಯೂಟರ್‌ಗಳ ಹಾಗೆ ಓಡುವ ಮಷೀನ್‌ಗಳಲ್ಲೇ ನಡೆಯುತ್ತವೆ. ಅವುಗಳ ಕೆಳಗಿದ್ದು ಅವನ್ನು ಓಡಿಸುವ ಸಾಫ್ಟ್‌ವೇರ್, ಅಂದರೆ ಹೈಪರ್‌ವೈಸರ್, ಮಾತ್ರ ಮೂರು ಥರ. ಹೊಸ ಸರ್ವರ್‌ಗಳಲ್ಲಿ ಕೆವಿಎಂ. ಹಳೆಯದೊಂದರಲ್ಲಿ ಝೆನ್. ಸಾಫ್ಟ್‌ವೇರ್ ಮಾರಿದವರು ತಾವೇ ಹಾಕಿಕೊಟ್ಟು ಹೋದ ಇನ್ನೊಂದರಲ್ಲಿ ವಿಎಂವೇರ್‌ನ ಇಎಸ್‌ಎಕ್ಸ್‌ಐ. ಮೂರನ್ನೂ ಲಿಬ್‌ವರ್ಟ್ ಅನ್ನುವ ನಿರ್ವಹಣಾ ಸಾಫ್ಟ್‌ವೇರ್ ಮೂಲಕ ಒಂದೇ ಕಡೆಯಿಂದ ನಡೆಸುತ್ತೇವೆ.

ಹೊಸದಾಗಿ ಸೇರಿದ ಹುಡುಗರು ಕೇಳುವ ಪ್ರಶ್ನೆ ಒಂದಿದೆ. "ಸರ್, ಎಲ್ಲದಕ್ಕೂ ಕಮಾಂಡ್ ಒಂದೇ ಅಲ್ವಾ? ಮತ್ತೆ ಯಾವುದು ಕೆವಿಎಂ, ಯಾವುದು ಝೆನ್ ಅಂತ ಯಾಕೆ ನೆನಪಿಟ್ಟುಕೊಳ್ಳಬೇಕು?" ನ್ಯಾಯವಾದ ಪ್ರಶ್ನೆ. 2005ರಲ್ಲಿ ರೆಡ್ ಹ್ಯಾಟ್‌ನಲ್ಲಿ ಲಿಬ್‌ವರ್ಟ್ ಶುರುವಾದಾಗ ಅದರ ಮುಂದಿದ್ದದ್ದು ಝೆನ್. ಕೆವಿಎಂ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2007ರಲ್ಲಿ, 2.6.20 ಆವೃತ್ತಿಯ ಜೊತೆ. ಆಮೇಲೆ ಬೇರೆಯವೂ ಬಂದವು. ಕೆಳಗೆ ಏನೇ ಬದಲಾದರೂ ಮೇಲಿನ ಕಮಾಂಡ್ ಬದಲಾಗಬಾರದು ಅನ್ನುವುದು ಅದರ ಉದ್ದೇಶ, ಅದನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಕೆಲಸ ಕೆಟ್ಟಾಗ ಯಾವ ರೀತಿ ಕೆಡುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಕೆಳಗಿರುವ ಹೈಪರ್‌ವೈಸರ್. ಹುಡುಗರಿಗೆ ನಾನು ಹೇಳಿಕೊಡುವುದು ಇದೊಂದನ್ನೇ.

ಮೆಮೊರಿಯನ್ನೇ ತಗೊಳ್ಳಿ. 32 ಜಿಬಿ ರ್ಯಾಮ್ ಇರುವ ಹೋಸ್ಟ್, ಅಂದರೆ ಮಷೀನ್‌ಗಳನ್ನು ಹೊತ್ತ ಸರ್ವರ್. ತಲಾ 8 ಜಿಬಿಯ ಮೂರು ಮಷೀನ್ ಓಡುತ್ತಿವೆ. ಈಗ 12 ಜಿಬಿಯ ನಾಲ್ಕನೆಯದಕ್ಕೆ ಸ್ಟಾರ್ಟ್ ಕೊಡುತ್ತೀರಿ. ಒಟ್ಟು 36 ಜಿಬಿ ಆಯಿತು, ಇರುವುದಕ್ಕಿಂತ ಜಾಸ್ತಿ.

ಕೆವಿಎಂ ಆದರೆ ಸಾಮಾನ್ಯವಾಗಿ ಏನೂ ತಕರಾರಿಲ್ಲದೆ ಶುರುವಾಗುತ್ತದೆ. ಯಾಕೆಂದರೆ ಅಲ್ಲಿ ವರ್ಚುವಲ್ ಮಷೀನ್ ಅಂದರೆ ಲಿನಕ್ಸ್‌ನ ಇನ್ನೊಂದು ಪ್ರೋಸೆಸ್, ಅಷ್ಟೇ. ಗೆಸ್ಟ್ (ಹೋಸ್ಟ್ ಒಳಗೆ ಓಡುವ ವರ್ಚುವಲ್ ಮಷೀನ್) ಬಳಸುತ್ತಾ ಹೋದ ಹಾಗೆ ಮೆಮೊರಿ ಸಿಗುತ್ತಾ ಹೋಗುತ್ತದೆ. ಮದುವೆಗೆ ಕರೆದವರೆಲ್ಲ ಒಂದೇ ಪಂಕ್ತಿಗೆ ಕೂರುವುದಿಲ್ಲ ಅನ್ನುವ ಲೆಕ್ಕ. ಆದರೆ ನಮ್ಮಲ್ಲಿ ಡಿಸೆಂಬರ್, ಜನವರಿ ಬಂದರೆ ಎಲ್ಲರೂ ಒಂದೇ ಪಂಕ್ತಿಗೆ ಬರುತ್ತಾರೆ. ಅರೇಬಿಕಾ ಇನ್ನೂ ಬರುತ್ತಿರುವಾಗಲೇ ರೋಬಸ್ಟಾ ಮೂಟೆಯೂ ಶುರು. ತೂಕ, ಸ್ಟಾಕ್, ಬಿಲ್ಲು ಎಲ್ಲ ಮಷೀನ್‌ಗೂ ಒಟ್ಟಿಗೆ ಮೆಮೊರಿ ಬೇಕು. ಮೊದಲು ಹೋಸ್ಟ್ ಸ್ವಾಪ್‌ಗೆ, ಅಂದರೆ ಮೆಮೊರಿಯ ಬದಲು ಡಿಸ್ಕ್ ಬಳಸುವುದಕ್ಕೆ, ಇಳಿದು ಎಲ್ಲ ನಿಧಾನವಾಗುತ್ತದೆ. ಅದೂ ಸಾಲದಿದ್ದರೆ ಕರ್ನಲ್‌ನ ಓಓಎಂ ಕಿಲ್ಲರ್ ಯಾವುದಾದರೂ ದೊಡ್ಡ ಪ್ರೋಸೆಸ್ ಹುಡುಕಿ ಮುಗಿಸುತ್ತದೆ. ಹೋಸ್ಟ್‌ನಲ್ಲಿ ದೊಡ್ಡ ಪ್ರೋಸೆಸ್ ಅಂದರೆ ವರ್ಚುವಲ್ ಮಷೀನೇ ತಾನೆ? ಮಷೀನ್ ಇದ್ದಕ್ಕಿದ್ದ ಹಾಗೆ ನಿಂತಿದ್ದರೆ ಗೆಸ್ಟ್ ಒಳಗಿನ ಲಾಗ್‌ನಲ್ಲಿ ಕಾರಣ ಸಿಗುವುದಿಲ್ಲ. ಹೋಸ್ಟ್‌ನ ಕರ್ನಲ್ ಲಾಗ್ ನೋಡಬೇಕು.

ಝೆನ್ ಹಾಗಲ್ಲ. ಮಷೀನ್ ಶುರುವಾಗುವಾಗಲೇ ಅದರ ಪಾಲಿನ ಮೆಮೊರಿಯನ್ನು ಎತ್ತಿಡುತ್ತದೆ. ಇಲ್ಲ ಅಂದರೆ ಅಲ್ಲೇ ಇಲ್ಲ ಅನ್ನುತ್ತದೆ. ಮಷೀನ್‌ಗಳ ಪಟ್ಟಿ ತೆಗೆದರೆ ಝೆನ್‌ನಲ್ಲಿ ಡೊಮೈನ್-0 ಅಂತ ಒಂದು ಯಾವಾಗಲೂ ಕಾಣುತ್ತದೆ. ಅದು ನಾವು ಮಾಡಿದ ಮಷೀನ್ ಅಲ್ಲ, ಉಳಿದವನ್ನೆಲ್ಲ ನಡೆಸುವ ಲಿನಕ್ಸ್. ಅದರ ಪಾಲನ್ನೂ ಕಳೆದು ಲೆಕ್ಕ ಹಾಕಬೇಕು. ಬೂಟ್ ಸಾಲಿನಲ್ಲಿ ಈ ಡೊಮೈನ್-0ಗೆ ಇಷ್ಟೇ ಮೆಮೊರಿ ಅಂತ ನಾವು ಕಟ್ಟಿಹಾಕಿದ್ದೇವೆ. ಝೆನ್ ಇಟ್ಟುಕೊಂಡವರು ಎಲ್ಲರೂ ಹೀಗೆ ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇಎಸ್‌ಎಕ್ಸ್‌ಐ ಮೂರನೇ ದಾರಿ ಹಿಡಿಯುತ್ತದೆ. ಅದೂ ಇರುವುದಕ್ಕಿಂತ ಜಾಸ್ತಿ ಹಂಚಲು ಒಪ್ಪುತ್ತದೆ. ಆದರೆ ಪವರ್ ಆನ್ ಮಾಡುವಾಗ ಡೇಟಾಸ್ಟೋರ್‌ನಲ್ಲಿ, ಅಂದರೆ ಮಷೀನ್ ಫೈಲ್‌ಗಳಿರುವ ಡಿಸ್ಕ್‌ನಲ್ಲಿ, ಒಂದು ಸ್ವಾಪ್ ಫೈಲ್ ಮಾಡುತ್ತದೆ. ಅದರ ಗಾತ್ರ ಆ ಮಷೀನ್‌ಗೆ ಕೊಟ್ಟ ಮೆಮೊರಿಯಷ್ಟು, ಅದಕ್ಕೇ ಅಂತ ಮೀಸಲಿಟ್ಟ (ರಿಸರ್ವ್ ಮಾಡಿದ) ಭಾಗ ಬಿಟ್ಟು. ಅಂದರೆ ನಮ್ಮ 12 ಜಿಬಿ ಮಷೀನ್‌ಗೆ ಏನೂ ರಿಸರ್ವ್ ಮಾಡದಿದ್ದರೆ ಡಿಸ್ಕ್‌ನಲ್ಲಿ 12 ಜಿಬಿ ಜಾಗ ಬೇಕು. ಆ ಜಾಗ ಇಲ್ಲದಿದ್ದರೆ ಮಷೀನ್ ಏಳುವುದಿಲ್ಲ. ಕೊಟ್ಟಿದ್ದು ಒಂದೇ ಸ್ಟಾರ್ಟ್. ಒಂದು ಕಡೆ ಸುಮ್ನೆ ಶುರುವಾಯಿತು, ಇನ್ನೊಂದು ಕಡೆ ರ್ಯಾಮ್ ಇಲ್ಲ ಅಂದಿತು, ಮತ್ತೊಂದು ಕಡೆ ಡಿಸ್ಕ್ ತುಂಬಿದೆ ಅಂದಿತು.

ಇನ್ನೊಂದು ಮಾತು. ಲಿಬ್‌ವರ್ಟ್‌ನ ಡಾಮ್‌ಇನ್ಫೋ ಕಮಾಂಡ್‌ನಲ್ಲಿ ಬಳಸಿದ ಮೆಮೊರಿ ಅಂತ ತೋರಿಸುವ ಅಂಕಿಯನ್ನು ಕೆವಿಎಂನಲ್ಲಿ ನಂಬಿ ಕೂರಬೇಡಿ. ಅದು ಗೆಸ್ಟ್‌ಗೆ ಕೊಟ್ಟಿರುವ ಪಾಲು. ಹೋಸ್ಟ್‌ನಿಂದ ನಿಜವಾಗಿ ಎಷ್ಟು ಹೋಗಿದೆ ಅಂತ ತಿಳಿಯಲು ಡಾಮ್‌ಮೆಮ್‌ಸ್ಟ್ಯಾಟ್ ಕಮಾಂಡ್‌ನ ಆರ್‌ಎಸ್‌ಎಸ್ ಸಾಲು ನೋಡಬೇಕು.

ಸೀಸನ್‌ನಲ್ಲಿ ಮೆಮೊರಿ ತಲೆನೋವಾದರೆ ಮಳೆಗಾಲದಲ್ಲಿ ಶಟ್‌ಡೌನ್. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಯುಪಿಎಸ್ ಬ್ಯಾಟರಿ ಮುಗಿಯುವುದರೊಳಗೆ ಎಲ್ಲ ಮಷೀನ್ ತಣ್ಣಗೆ ಮಲಗಬೇಕು. ಇಲ್ಲೂ ಕಮಾಂಡ್ ಒಂದೇ. ಕೆವಿಎಂನಲ್ಲಿ ಅದು ಗೆಸ್ಟ್‌ನ ಪವರ್ ಬಟನ್ ಒತ್ತಿದ ಹಾಗೆ ಎಸಿಪಿಐ ಸಂಕೇತ ಕಳಿಸುತ್ತದೆ, ಇಲ್ಲವೇ ಗೆಸ್ಟ್ ಒಳಗೆ ಓಡುವ ಗೆಸ್ಟ್ ಏಜೆಂಟ್ ಅನ್ನುವ ಸಣ್ಣ ಪ್ರೋಗ್ರಾಂಗೆ ಹೇಳುತ್ತದೆ. ಝೆನ್‌ನಲ್ಲಿ ಮುಖ್ಯವಾಗಿ ಗೆಸ್ಟ್‌ನಲ್ಲಿ ಝೆನ್‌ಗೆಂದೇ ಇರುವ ಪಿವಿ ಡ್ರೈವರ್‌ಗಳಿಗೆ ಝೆನ್‌ಸ್ಟೋರ್ ಅನ್ನುವ ಹಂಚಿಕೆಯ ದಾಖಲೆಯ ಮೂಲಕ ಸುದ್ದಿ ಮುಟ್ಟುತ್ತದೆ. ಇಎಸ್‌ಎಕ್ಸ್‌ಐನಲ್ಲಿ ಗೆಸ್ಟ್ ಒಳಗೆ ವಿಎಂವೇರ್ ಟೂಲ್ಸ್ ಓಡುತ್ತಿರಬೇಕು. ಇಲ್ಲದಿದ್ದರೆ ತಕ್ಷಣ ಎರರ್.

ನನಗೆ ಆ ಎರರ್ ಎಷ್ಟೋ ವಾಸಿ. ಕೆವಿಎಂನಲ್ಲಿ ಕಮಾಂಡ್ ಕೊಟ್ಟ ಕೂಡಲೇ ಮಷೀನ್ ಮುಚ್ಚುತ್ತಿದೆ ಅಂತ ಸಾಲು ಬರುತ್ತದೆ. ಆದರೆ ಅದರರ್ಥ ಸಂಕೇತ ಹೋಯಿತು ಅಂತ ಮಾತ್ರ. ವಿಂಡೋಸ್‌ನಲ್ಲಿ ಪವರ್ ಬಟನ್‌ಗೆ ಏನೂ ಮಾಡಬೇಡ ಅಂತ ಸೆಟ್ಟಿಂಗ್ ಇದ್ದರೆ ಮಷೀನ್ ಹಾಗೇ ಓಡುತ್ತಿರುತ್ತದೆ. ಅದಕ್ಕೇ ನಮ್ಮ ಸ್ಕ್ರಿಪ್ಟ್ ಕಮಾಂಡ್ ಕೊಟ್ಟು ಸುಮ್ಮನಾಗುವುದಿಲ್ಲ. ಮಷೀನ್‌ನ ಸ್ಥಿತಿ ಕೇಳುತ್ತಾ ಇರುತ್ತದೆ, ನಿಂತದ್ದು ಖಾತ್ರಿಯಾದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ಡೇಟಾಬೇಸ್ ಮಷೀನ್ ಎಲ್ಲಕ್ಕಿಂತ ಕೊನೆಗೆ.

ಲಿಬ್‌ವರ್ಟ್-ಗೆಸ್ಟ್ಸ್ ಅನ್ನುವ ಸರ್ವಿಸ್ ಹೋಸ್ಟ್ ಆರುವ ಮೊದಲು ಗೆಸ್ಟ್‌ಗಳನ್ನು ಸಸ್ಪೆಂಡ್ ಮಾಡಿಡಬಲ್ಲದು. ಅನುಕೂಲವೇ, ಸರಿ. ಆದರೆ ಮತ್ತೆ ಎದ್ದಾಗ ಗೆಸ್ಟ್‌ನ ಗಡಿಯಾರ ಮಲಗಿದ ಹೊತ್ತಲ್ಲೇ ಇರುತ್ತದೆ, ನೆಟ್‌ವರ್ಕ್‌ನಿಂದ ಸಮಯ ತರುವ ಎನ್‌ಟಿಪಿ ಸರಿಮಾಡುವವರೆಗೆ. ಬೆಳೆಗಾರರ ಕೈಗೆ ಹೋಗುವ ತೂಕದ ಚೀಟಿಯ ಮೇಲೆ ತಪ್ಪು ಹೊತ್ತು ಅಚ್ಚಾಗುವುದು ನನಗೆ ಒಪ್ಪಿಗೆಯಿಲ್ಲ. ಎದ್ದಾಗ ಸಮಯ ಸರಿಮಾಡುವ ಆಯ್ಕೆ ಇದೆ. ಆದರೆ ತಾನಾಗಿ ಆನ್ ಇರುವುದಿಲ್ಲ, ಗೆಸ್ಟ್ ಏಜೆಂಟ್ ಕೂಡ ಬೇಕು. ನಾವು ಪೂರ್ತಿ ಶಟ್‌ಡೌನನ್ನೇ ಆರಿಸಿಕೊಂಡಿದ್ದೇವೆ.

ಮಷೀನ್‌ನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ವಿಷಯವೂ ಇದೇ ಥರ. ಕೆವಿಎಂನಲ್ಲಿ ಕ್ಯೂಕೌ2 ಮಾದರಿಯ ಡಿಸ್ಕ್ ಫೈಲ್ ಇದ್ದರೆ ಫೈಲ್ ಒಳಗೇ ಸ್ನ್ಯಾಪ್‌ಶಾಟ್ ಇಡಬಹುದು, ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ಮೇಲಿನ ರಾ ಡಿಸ್ಕ್‌ಗೆ ಅದು ಆಗುವುದಿಲ್ಲ. ಇನ್ನು ಇಎಸ್‌ಎಕ್ಸ್‌ಐ ಹೋಸ್ಟ್‌ನ ಮೇಲೆ ಲಿಬ್‌ವರ್ಟ್‌ನ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇಲ್ಲವೇ ಇಲ್ಲ. ನಮ್ಮ ಕಡೆಯ ಡ್ರೈವರ್ ನೇರವಾಗಿ ವಿಎಂವೇರ್‌ನ ಎಪಿಐ ಜೊತೆ ಮಾತಾಡುತ್ತದೆ. ಉಚಿತ ಲೈಸೆನ್ಸ್ ಇದ್ದರೆ ಆ ಎಪಿಐ ಓದಲು ಮಾತ್ರ. ಪಟ್ಟಿ ಚೆನ್ನಾಗಿ ಬರುತ್ತದೆ, ಸ್ಟಾರ್ಟ್ ಕೊಟ್ಟರೆ ನಿರಾಕರಣೆ. ಓಡುತ್ತಿರುವ ಮಷೀನನ್ನೇ ಬೇರೆ ಹೋಸ್ಟ್‌ಗೆ ಸಾಗಿಸುವ ಲೈವ್ ಮೈಗ್ರೇಷನ್ ಬೇಕಿದ್ದರೆ ನಡುವೆ ವಿಎಂವೇರ್‌ನ ನಿರ್ವಹಣಾ ಸರ್ವರ್ ವಿಸೆಂಟರ್ ಇರಲೇಬೇಕು.

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. ಒಮ್ಮೆ ಕೊಂಡರೆ ಮುಗಿಯಿತು ಅನ್ನುವ ಲೈಸೆನ್ಸ್ ಮಾರುವುದು ಆಮೇಲೆ ನಿಂತಿತು. ಹಾಗಾಗಿ ನಮ್ಮ ಆ ಒಂದು ಹೋಸ್ಟನ್ನೂ ಕೆವಿಎಂಗೆ ತರುತ್ತಿದ್ದೇವೆ. ವರ್ಟ್-ವಿ2ವಿ ಅನ್ನುವ ಸಾಧನ ಡಿಸ್ಕನ್ನು ಬದಲಿಸಿ, ವಿಂಡೋಸ್ ಒಳಗೆ ಕೆವಿಎಂಗೆ ಬೇಕಾದ ವರ್ಟ್‌ಐಒ ಡ್ರೈವರ್‌ಗಳನ್ನೂ ಹಾಕುತ್ತದೆ. ಅದಕ್ಕೆ ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು ಪೂರ್ತಿ ಶಟ್‌ಡೌನ್ ಮಾಡಬೇಕು, ಇಲ್ಲದಿದ್ದರೆ ಅದು ಒಪ್ಪುವುದಿಲ್ಲ. ನೆಟ್‌ವರ್ಕ್ ಕಾರ್ಡ್ ಬದಲಾಗುವುದರಿಂದ ವಿಂಡೋಸ್‌ಗೆ ಕೊಟ್ಟ ಸ್ಥಿರ ಐಪಿ ಕೂಡ ಕಳೆದುಹೋಗುತ್ತದೆ. ನಮ್ಮ ವೇಬ್ರಿಜ್ ಕಂಪ್ಯೂಟರ್ ಹುಡುಕಿಕೊಂಡು ಬರುವುದು ಅದೇ ಐಪಿಯನ್ನು. ಬದಲಾಯಿಸುವ ಕಮಾಂಡ್‌ನಲ್ಲೇ ಮ್ಯಾಕ್ ವಿಳಾಸದ ಜೊತೆ ಐಪಿ ಬರೆದುಕೊಟ್ಟರೆ ಉಳಿಯುತ್ತದೆ. ಅಕ್ಟೋಬರ್‌ನಲ್ಲಿ, ಮೊದಲ ಮೂಟೆ ಬರುವ ಮುಂಚೆ ಈ ಕೆಲಸ ಮುಗಿಸುತ್ತೇವೆ.