ಉಪ್ಪು ತೊಳೆದ ನೀರಿನಲ್ಲಿ ಔಷಧವೂ ಹೋಯಿತು

ಗೋಕರ್ಣ, 14 ಏಪ್ರಿಲ್ 2024, ಭಾನುವಾರ

ಮಿಡಿ ಉಪ್ಪಿನಕಾಯಿಗೆ ಹರಳುಪ್ಪು ಬೇಕೆಂದು ಆಯಿ ಹೇಳಿದ್ದರಿಂದ ಬೆಳಿಗ್ಗೆ ದೊಡ್ಡಪ್ಪನೊಂದಿಗೆ ಸಾಣಿಕಟ್ಟೆಗೆ ಹೋಗಿದ್ದೆ. ಅಲ್ಲಿನ ಉಪ್ಪಿನ ಗದ್ದೆಯ ಬದುವಿನ ಮೇಲೆ ರಾಶಿ ಹಾಕಿದ್ದ ಉಪ್ಪನ್ನು ಅಂಗೈಯಲ್ಲಿ ಹರಡಿಕೊಂಡಾಗ, ಹರಳುಗಳ ಗಾತ್ರ ಒಂದೇ ಸಮವಾಗಿಲ್ಲ ಎಂಬುದೇ ನನಗೆ ಮೊದಲು ಕಂಡಿತು. ಎರಡು ವರ್ಷಗಳಿಂದ ಪ್ರಯೋಗಾಲಯದಲ್ಲಿ ನಾನು ಮಾಡುತ್ತಿರುವ ಮೊದಲ ಕೆಲಸವೂ ಉಪ್ಪನ್ನು ಜರಡಿ ಹಿಡಿಯುವುದೇ. ಇದನ್ನು ಹೇಳಿದರೆ ದೊಡ್ಡಪ್ಪ ನಕ್ಕು, "ಉಪ್ಪು ಜರಡಿ ಹಿಡಿಯೂಕೆ ಇಷ್ಟು ಓದಬೇಕಾಯ್ತಾ ತಮಾ?" ಎಂದರು.

ಓದಬೇಕಾಗಿತ್ತೋ ಇಲ್ಲವೋ, ಜರಡಿಯಂತೂ ಬೇಕು. ಮುರಿದ ಅಥವಾ ಸೋಂಕು ತಗಲಿ ಸವೆದ ಎಲುಬಿನ ಜಾಗದಲ್ಲಿ ಹೊಸ ಎಲುಬು ಬೆಳೆಯುವವರೆಗೆ ಜೀವಕೋಶಗಳಿಗೆ ಆಸರೆಯಾಗಿ ನಿಂತು, ಆಮೇಲೆ ತಾನಾಗಿ ಕರಗಿಹೋಗುವ ಸ್ಕಾಫೋಲ್ಡನ್ನು ನಾವು ಕಟ್ಟುತ್ತೇವೆ. ಮನೆ ಕಟ್ಟುವಾಗ ನಿಲ್ಲಿಸುವ ಸಾರುವೆಯ ಹಾಗೆ, ಆದರೆ ಬಿಚ್ಚುವ ಕೆಲಸವಿಲ್ಲ. ರಕ್ತನಾಳಗಳು ಒಳಹೊಗಲು ಅದರಲ್ಲಿ ಸುಮಾರು 300 ಮೈಕ್ರಾನ್ (0.3 ಮಿಲಿಮೀಟರ್) ಅಗಲದ, ಒಂದಕ್ಕೊಂದು ಕೂಡಿಕೊಂಡ ರಂಧ್ರಗಳಿರಬೇಕು. 1990ರ ದಶಕದಲ್ಲಿ ವಿಜ್ಞಾನಿ ಅಂಟೋನಿಯೋಸ್ ಮೈಕೋಸ್ ಮತ್ತು ಸಂಗಡಿಗರು ರೂಢಿಗೆ ತಂದ ವಿಧಾನದಲ್ಲಿ ಈ ರಂಧ್ರಗಳು ಉಪ್ಪಿನಿಂದಲೇ ಆಗುತ್ತವೆ: ಸ್ಕಾಫೋಲ್ಡ್ ಆಗಬೇಕಾದ ಪಾಲಿಮರನ್ನು (ಪ್ಲಾಸ್ಟಿಕ್‌ನಂಥ ವಸ್ತುವನ್ನು) ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಜರಡಿ ಹಿಡಿದ ಉಪ್ಪಿನ ಮೇಲೆ ಸುರಿದು, ಕ್ಲೋರೋಫಾರ್ಮ್ ಆರಿದ ಬಳಿಕ ಎರಡು ದಿನ ನೀರಿನಲ್ಲಿ ನೆನೆಸಿದರೆ, ಹರಳು ಇದ್ದಲ್ಲೆಲ್ಲ ತೂತು ಉಳಿಯುತ್ತದೆ. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಪ್ಪೇ ಇದ್ದರೂ ಹೆಚ್ಚಲ್ಲ. ಕಡಿಮೆಯಾದರೆ ಹರಳುಗಳು ಒಂದನ್ನೊಂದು ಮುಟ್ಟದೆ, ತೂತುಗಳು ಮುಚ್ಚಿದ ಕೋಣೆಗಳಾಗಿ ಉಳಿದುಬಿಡುತ್ತವೆ.

ನಾನು ಎಡವಿದ್ದು ಈ ತೊಳೆತದಲ್ಲಿ. ಸೋಂಕಿಗೆಂದು ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಔಷಧದ ಪುಡಿಯನ್ನು ಪಾಲಿಮರಿನೊಂದಿಗೇ ಬೆರೆಸಿದ್ದೆ. ಅದು ಕ್ಲೋರೋಫಾರ್ಮಿನಲ್ಲಿ ಕರಗದೆ ಪುಡಿಯಾಗಿಯೇ ತೇಲುತ್ತದೆ, ನೀರಿನಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ. ಹೀಗಿರುವಾಗ, ಉಪ್ಪನ್ನು ಹೊರಗೆಳೆಯುವ ನೀರು ಉಪ್ಪಿನ ಪಕ್ಕದಲ್ಲಿದ್ದ ಔಷಧವನ್ನು ಬಿಟ್ಟೀತೇ? ಹೆಚ್ಚಿನ ಪಾಲು ಬಚ್ಚಲಿಗೆ ಹೋಗಿತ್ತು. ಅದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು ಎಂಬುದನ್ನು ದೊಡ್ಡಪ್ಪನಿಗೆ ಹೇಳಲಿಲ್ಲ.

ಉಳಿದ ಔಷಧವಾದರೂ ನಾವು ಹೇಳಿದಂತೆ ಕೇಳುವುದಿಲ್ಲ. ಮೇಲ್ಮೈಯಲ್ಲಿದ್ದುದು ಮೊದಲ ದಿನವೇ ಒಮ್ಮೆಲೇ ಹೊರಬರುತ್ತದೆ; ಒಳಗಿನದು ಪಾಲಿಮರ್ ಒಡೆಯುವವರೆಗೆ ಕಾಯುತ್ತದೆ. ಪಿಎಲ್‌ಜಿಎ ಎಂಬ ನಮ್ಮ ಪಾಲಿಮರ್ ನೀರಿನಿಂದಲೇ ತುಂಡಾಗಿ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲವಾಗುತ್ತದೆ, ಇವೆರಡನ್ನೂ ಶರೀರ ಅರಗಿಸಿಕೊಳ್ಳುತ್ತದೆ. ಎರಡೂ ಸಮಪಾಲಿದ್ದರೆ ಒಂದೆರಡು ತಿಂಗಳಲ್ಲಿ ಕರಗುತ್ತದೆ, ಲ್ಯಾಕ್ಟಿಕ್ ಪಾಲು ಹೆಚ್ಚಿಸಿದಷ್ಟೂ ನಿಧಾನ. ದಪ್ಪ ತುಂಡಿನಲ್ಲಿ ಇನ್ನೊಂದು ತೊಡಕಿದೆ: ಒಳಗೆ ಸಿಕ್ಕಿಬಿದ್ದ ಆಮ್ಲ ಒಡೆತವನ್ನು ಮತ್ತಷ್ಟು ಚುರುಕುಗೊಳಿಸುವುದರಿಂದ, ಹೊರಗೆ ಗಟ್ಟಿಯಾಗಿ ಕಾಣುವ ತುಂಡು ಒಳಗೆ ಟೊಳ್ಳಾಗಿರುತ್ತದೆ.

ಸಾಣಿಕಟ್ಟೆಯಿಂದ ತದಡಿಗೆ ಹೋದೆವು. ಬಂದರಿನಲ್ಲಿ ಶೆಟ್ಲಿ (ಸೀಗಡಿ) ಸಿಪ್ಪೆಯ ವಾಸನೆ ಮೂಗಿಗೆ ಬಡಿದಾಗ, ಬಹಳ ದಿನಗಳಿಂದ ಮುಂದೂಡುತ್ತಿದ್ದ ಇನ್ನೊಂದು ದಾರಿ ನೆನಪಾಯಿತು. ಆ ಸಿಪ್ಪೆಯಲ್ಲಿರುವ ಕೈಟಿನ್ ಎಂಬ ವಸ್ತುವಿನಿಂದ ತೆಗೆಯುವ ಕೈಟೊಸಾನ್ ಎಂಬ ಪಾಲಿಮರ್ ತೆಳುವಾದ ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆ. ಅದನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದರೆ ಮಂಜಿನ ಹರಳುಗಳೇ ರಂಧ್ರ ಬಿಟ್ಟುಹೋಗುತ್ತವೆ, ಉಪ್ಪೂ ಬೇಡ, ಕ್ಲೋರೋಫಾರ್ಮ್ ಸುರಿಯುವುದೂ ಬೇಡ. ಔಷಧವನ್ನು ಮೊದಲೇ ಪಿಎಲ್‌ಜಿಎಯ ಸೂಕ್ಷ್ಮ ಗೋಲಿಗಳಲ್ಲಿ ತುಂಬಿ ಈ ದ್ರಾವಣದಲ್ಲಿ ಬೆರೆಸಬಹುದು. ಉಪ್ಪಿನ ವಿಧಾನದಲ್ಲಿ ಹೀಗೆ ಮಾಡುವಂತಿರಲಿಲ್ಲ, ಕ್ಲೋರೋಫಾರ್ಮ್ ಆ ಗೋಲಿಗಳನ್ನೇ ಕರಗಿಸಿಬಿಡುತ್ತಿತ್ತು.

ಆದರೂ ಆಮ್ಲ ಉಳಿದರೆ ಕೈಟೊಸಾನ್ ಸ್ಪಂಜು ನೀರಿಗೆ ಬಿದ್ದೊಡನೆ ಕರಗುತ್ತದೆ, ಹಾಗಾಗಿ ಕ್ಷಾರದಲ್ಲಿ ಒಮ್ಮೆ ತೊಳೆಯಲೇಬೇಕು. ಆ ತೊಳೆತದ ನೀರನ್ನು ಈ ಸಲ ಬಚ್ಚಲಿಗೆ ಚೆಲ್ಲದೆ, ದಿನಾಂಕ ಬರೆದ ಬಾಟಲಿಯಲ್ಲಿ ತುಂಬಿಟ್ಟು, ಅದರಲ್ಲೆಷ್ಟು ಔಷಧವಿದೆಯೆಂದು ಮೊದಲು ಅಳೆಯುತ್ತೇನೆ.