ಬೈಕಿನ ಕ್ಲಚ್ ಪ್ಲೇಟು ಬದಲಿ ಮಾಡೂ ಮೊದ್ಲ ಎಣ್ಣಿ ಡಬ್ಬಿ ನೋಡ್ರಿ

ಹೋದ ವರ್ಷ ಭಾರತ ಹುಣ್ಣಿವಿ ಜಾತ್ರಿ ಮುಗದ ಮ್ಯಾಲ, ಗದ್ಲ ಕಡಿಮಿ ಆಗಿರ್ತೈತಿ ಅಂತ ನಾನೂ ನಮ್ಮಾಕೀನೂ ಸ್ಪ್ಲೆಂಡರ್ ಮ್ಯಾಲ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೊಂಟಿದ್ವಿ. ಬಾಗಲಕೋಟಿ ನವನಗರದಿಂದ ಗದ್ದನಕೇರಿ ಕ್ರಾಸ್, ಕಲಾದಗಿ, ಲೋಕಾಪುರ, ಯರಗಟ್ಟಿ, ಸಪಾಟ ರೋಡ್ ಇರೂತನಕ ಗಾಡಿ ಏನೂ ತಕರಾರ ತಗೀಲಿಲ್ಲ. ಕಲಾದಗಿಯೊಳಗ ಚಿಕ್ಕು ಬ್ಯಾರೆ ತಗೊಂಡು ಚೀಲಕ್ಕ ಹಾಕಿದ್ವಿ. ಗುಡ್ಡದ ಏರು ಚಾಲೂ ಆದದ್ದ ತಡ ಎಂಜಿನ್ ಒದರಾಕ ಹತ್ತಿತು, ಗಾಡಿ ಮಾತ್ರ ಮುಂದ ಹೋಗವಲ್ದು. ಎಕ್ಸಲೇಟರ್ ತಿರುವಿದಷ್ಟೂ ಸಪ್ಪಳ, ಸ್ಪೀಡ್ ಇಲ್ಲ, ಮ್ಯಾಲಾಗಿ ಏನೋ ಸುಟ್ಟ ವಾಸನಿ. ನಮ್ಮಾಕಿ ಕೆಳಗಿಳದು "ನಾ ನಡಕೋತ ಬರ್ತೀನಿ, ನೀವು ಬರ್ರಿ ಹಿಂದಿಂದ" ಅಂದ್ಳು. ಖರೇನ ಆಕೀನ ಮೊದ್ಲ ಮುಟ್ಟಿದ್ಳು.

ಇದು ಕ್ಲಚ್ ಸ್ಲಿಪ್, ಅಂದ್ರ ಕ್ಲಚ್ ಗಟ್ಟಿ ಹಿಡೀಲಾರದ ಜಾರೂದು ಅಂತ ಆಗ ನನಗೂ ಗೊತ್ತಾತು, ಆದ್ರ ಯಾಕ ಸ್ಲಿಪ್ ಆಗ್ತೈತಿ ಅನ್ನೂದು ಗೊತ್ತಾಗಾಕ ಎರಡು ತಿಂಗಳು, ಎರಡು ಸಲ ರೊಕ್ಕ ಹೋತು. ಅದ್ಕ ಬರ್ಯಾಕತ್ತೀನಿ.

ನಮ್ಮ ಗಾಡ್ಯಾಗ ಕ್ಲಚ್ ಎಲ್ಲಿರ್ತೈತಿ ಅಂದ್ರ ಕಿಕ್ ಇರೂ ಬಲಗಡಿ ಕವರಿನೊಳಗ. ಡಬ್ಬ್ಯಾಗ ರೊಟ್ಟಿ ಪೇರಿಸಿ ಇಟ್ಟಂಗ ಒಂದು ಉಜ್ಜೂ ಪ್ಲೇಟು, ಅದರ ಮ್ಯಾಲ ಒಂದು ಉಕ್ಕಿನ ಪ್ಲೇಟು, ಮತ್ತ ಉಜ್ಜೂದು, ಮತ್ತ ಉಕ್ಕಿಂದು. ಉಜ್ಜೂ ಪ್ಲೇಟಿನ ಕಿವಿ ಹೊರಗಿನ ಹೌಸಿಂಗಿಗೆ ಸಿಕ್ಕಿರ್ತಾವ, ಅದನ್ನ ಎಂಜಿನ್ ತಿರುಗಸ್ತೈತಿ. ಉಕ್ಕಿನ ಪ್ಲೇಟಿನ ಹಲ್ಲು ಒಳಗಿನ ಹಬ್ಬಿಗೆ, ಅದು ಗೇರ್ ಬಾಕ್ಸಿಗೆ. ಮ್ಯಾಲಿಂದ ಸ್ಪ್ರಿಂಗ್ ಒತ್ತಿ ಹಿಡದಾಗ ಎಲ್ಲಾ ಒಂದಾಗಿ ತಿರುಗ್ತಾವ, ನಾವು ಕ್ಲಚ್ ಹಿಡದಾಗ ಆ ಒತ್ತಡ ಬಿಟ್ಟು ಬ್ಯಾರೆ ಬ್ಯಾರೆ ಆಗ್ತಾವ. ಇಷ್ಟ ವಿಷಯ. ಮತ್ತ ಇದೆಲ್ಲಾ ಎಣ್ಯಾಗ ಮುಳಗಿ ಇರ್ತೈತಿ, ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಒಂದ ಎಣ್ಣಿ. ಈ ಮಾತು ನೆನಪಿಟ್ಕೋರಿ, ಮುಂದ ಬರ್ತೈತಿ.

ವಾಪಸ್ ಬಂದ ಮರುದಿನ ಊರಾಗಿನ ಒಂದು ಗ್ಯಾರೇಜಿಗೆ ಒಯ್ದೆ, ಹೆಸರು ಬ್ಯಾಡ. ಹುಡುಗ ಗಾಡಿ ಒಂದು ರೌಂಡ್ ಹೊಡದ, "ಪ್ಲೇಟ್ ಹೋಗ್ಯಾವ್ರಿ ಅಣ್ಣಾರ" ಅಂದ, ಸಂಜಿಕ್ಕ ಹಾಕಿ ಕೊಟ್ಟ. ನಾಕು ದಿನ ಭೇಷ್ ಇತ್ತು. ಮೂರನೇ ವಾರಕ್ಕ ಎರಡು ಚೀಲ ಸಿಮೆಂಟ್ ಹಿಂದ ಕಟ್ಕೊಂಡು ಹೊಂಟಾಗ ಮತ್ತ ಅದ ಹಾಡು. ಆ ಹುಡುಗನ ಕಡೆ ಹೋದ್ರ "ನೀವು ಹಾಫ್ ಕ್ಲಚ್ ಮ್ಯಾಲ ಹೊಡೀತೀರಿ" ಅಂದ. ಹೊಡೀತೀನಿ ಖರೆ, ಯಾರು ಹೊಡಿಯಂಗಿಲ್ಲ? ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಜಗ್ಗಿಕೊಂಡು ಮುಂದಿದ್ರ ಹಾಫ್ ಕ್ಲಚ್ ಬಿಟ್ಟು ಹೆಂಗ ಹೋಗೂದು. ಆದ್ರ ಮೂರು ವಾರದಾಗ ಹೊಸ ಪ್ಲೇಟ್ ಸುಟ್ಟು ಹೋಗಬೇಕಂದ್ರ ಬರೇ ಅದಲ್ಲ ಅನಸ್ತು.

ಗದ್ದನಕೇರಿ ಕ್ರಾಸ್ ಕಡೆ ಒಬ್ರು ವಯಸ್ಸಾದ ಮಿಸ್ತ್ರಿ ಅದಾರ, ಎಲ್ಲಾರೂ ಕಾಕಾ ಅಂತೀವಿ. ಅವರು ಪಾನಾ ಮುಟ್ಟಲೇ ಇಲ್ಲ. ಮೊದ್ಲ ಕ್ಲಚ್ ಲಿವರ್ ತುದಿ ಎರಡು ಬೆರಳಿಲೆ ಜಗ್ಗಿ ನೋಡಿದ್ರು. ವೈರ್ ಬಿಗಿ ಆಗೂ ಮೊದ್ಲ ತುದಿ 10ರಿಂದ 20 ಮಿಲಿಮೀಟರ್ ಸುಮ್ನ ಆಡಬೇಕು, ಅಂದ್ರ ನಿಮ್ಮ ಹೆಬ್ಬೆಟ್ಟಿನ ಅಗಲದಷ್ಟು. ನನ್ನ ಗಾಡ್ಯಾಗ ಆಟಾನ ಇರಲಿಲ್ಲ. ಆ ಹುಡುಗ ಸ್ಲಿಪ್ ಅಂತ ಹೇಳಿದ್ದಕ್ಕ ವೈರ್ ಇನ್ನೂ ಟೈಟ್ ಮಾಡಿ ಬಿಟ್ಟಿದ್ದ. ಟೈಟ್ ಮಾಡಿದ್ರ ಕ್ಲಚ್ ಗಟ್ಟಿ ಹಿಡೀತೈತಿ ಅಂತ ಬಾಳ ಮಂದಿ ತಿಳಕೊಂಡಾರ, ಆಗೂದು ಪೂರಾ ಉಲ್ಟಾ. ವೈರ್ ಬಿಗಿ ಇದ್ರ ನೀವು ಕೈ ಬಿಟ್ರೂ ಕ್ಲಚ್ ಅರ್ಧ ಹಿಡದಂಗ, ದಿನಾ ಸವೀತೈತಿ.

ಅದು ಒಂದಾತು. ಆಮ್ಯಾಲ ಎಣ್ಣಿ ನೋಡೂ ಕಡ್ಡಿ ತಗದು, ಎಣ್ಣಿ ಬೆರಳಿಗೆ ಹಚ್ಚಿ ತಿಕ್ಕಿ, "ಯಾವ ಎಣ್ಣಿ ಹಾಕೀ ತಮ್ಮಾ?" ಅಂದ್ರು.

ಅಲ್ಲಿ ನನ್ನ ಬಾಯಿ ಕಟ್ಟಿತು ನೋಡ್ರಿ. ಯಾಕಂದ್ರ ಜಾತ್ರಿಗಿಂತ ಸ್ವಲ್ಪ ಮೊದ್ಲ ನಾನ ಮನ್ಯಾಗ ಎಣ್ಣಿ ಬದಲಿ ಮಾಡಿದ್ದೆ, ಅಂಗಡಿಯಿಂದ ತಂದಿದ್ದಲ್ಲ, ನಮ್ಮಾಕಿ ತಮ್ಮ ತನ್ನ ಕಾರಿಗೆ ತಂದು ಉಳಿಸಿ ಬಿಟ್ಟು ಹೋಗಿದ್ದು, "ಮಾಮಾ, ಇದು ಬಾಳ ತುಟ್ಟಿ ಎಣ್ಣಿ, ಒಗೀಬ್ಯಾಡ್ರಿ" ಅಂದಿದ್ದ ಬ್ಯಾರೆ, ತುಟ್ಟಿ ಇದ್ರ ಚಲೋನ ಇರ್ತೈತಿ ಅಂತ ನಾ ಖುಷಿಲೆ ಸುರಿದಿದ್ದೆ. ಗ್ಯಾರೇಜಿನ ಹುಡುಗ ಪ್ಲೇಟ್ ಹಾಕುವಾಗ ಎಣ್ಣಿ ಹೊಸಾದೈತಿ ಅಂತ ಅದನ್ನ ತಗದು ಅದನ್ನ ವಾಪಸ್ ಹಾಕಿದ್ದ.

ಕಾಕಾ ನಕ್ರು. ಆಮ್ಯಾಲ ಹೇಳಿದ್ದು ಇಷ್ಟು, ನಾ ಮನಿಗೆ ಬಂದು ಡಬ್ಬಿ ಮ್ಯಾಲ ಓದಿ ಖಾತ್ರಿ ಮಾಡ್ಕೊಂಡೆ. ಕಾರಿನ ಕ್ಲಚ್ ಒಣಾ ಇರ್ತೈತಿ, ಎಂಜಿನ್ ಎಣ್ಣಿಗೂ ಅದಕ್ಕೂ ಸಂಬಂಧಿಲ್ಲ, ಅದ್ಕ ಕಾರಿನ ಎಷ್ಟೋ ಎಣ್ಯಾಗ ಮೈಲೇಜ್ ಬರ್ಲಿ ಅಂತ ಜಾರಿಕಿ ಹೆಚ್ಚು ಮಾಡೂ ಸಾಮಾನು ಕೂಡ್ಸಿರ್ತಾರ. ಬೈಕಿನಾಗ ಅದ ಎಣ್ಣಿ ಕ್ಲಚ್ ಪ್ಲೇಟಿಗೂ ಹೋಗ್ತೈತಿ, ಪ್ಲೇಟಿನ ಕೆಲಸಾನ ಉಜ್ಜಿ ಹಿಡಿಯೂದು, ಅಲ್ಲಿ ಜಾರಿಕಿ ಹಾಕಿದ್ರ ಹೆಂಗ ಹಿಡೀಬೇಕು? ಅದ್ಕ ಬೈಕ್ ಎಣ್ಣಿ ಡಬ್ಬಿ ಹಿಂದ ಜಾಸೊ ಎಂಎ ಇಲ್ಲಾ ಎಂಎ2 ಅಂತ ಬರದಿರ್ತೈತಿ, ಜಪಾನಿನವರು 1998ರಾಗ ಚಾಲೂ ಮಾಡಿದ ಗುರುತಿನ ಪದ್ಧತಿ. ಎಂಬಿ ಅಂತ ಇದ್ರ ಅದು ಜಾರಿಕಿ ಹೆಚ್ಚಿರೂ ಎಣ್ಣಿ, ಗೇರ್ ಇಲ್ಲದ ಸ್ಕೂಟರಿಗೆ ನಡೀತೈತಿ ಯಾಕಂದ್ರ ಅದರ ಕ್ಲಚ್ ಎಣ್ಯಾಗ ಇರಂಗಿಲ್ಲ. ನಮ್ಮ ಗಾಡಿಗೆ 10ಡಬ್ಲ್ಯು30, ಎಂಎ. 10ಡಬ್ಲ್ಯು30 ಅನ್ನೂದು ಬರೇ ಎಣ್ಣಿ ಎಷ್ಟು ದಪ್ಪ ಅನ್ನೂದರ ಲೆಕ್ಕ, ಅದನ್ನೊಂದ ನೋಡಿ ತಂದ್ರ ನನ್ನಂಗ ಆಗ್ತೈತಿ.

ಕವರ್ ಬಿಚ್ಚಿ ನೋಡಿದ್ರ ಉಜ್ಜೂ ಪ್ಲೇಟಿನ ದಪ್ಪ ಇನ್ನೂ ಇತ್ತು, ಆದ್ರ ಮ್ಯಾಲ ಕನ್ನಡಿ ಹೊಳದಂಗ ಹೊಳೀತಿದ್ವು. ಉಕ್ಕಿನ ಪ್ಲೇಟಿನ ಮ್ಯಾಲ ನೀಲಿ ನೀಲಿ ಕಲಿ, ಕಾದು ಸುಟ್ಟ ಗುರುತು. ಒಂದೊಂದ ಪ್ಲೇಟು ಕಿಟಕಿ ಗ್ಲಾಸಿನ ತುಂಡಿನ ಮ್ಯಾಲ ಇಟ್ಟು ಒತ್ತಿ ನೋಡಿದ್ರು, ಎರಡು ಟಕ್ ಟಕ್ ಅಂತ ಅಲಗ್ಯಾಡಿದ್ವು, ಅಂದ್ರ ಡೊಂಕ ಆಗ್ಯಾವ. ಸ್ಪ್ರಿಂಗ್ ಹೊಸದರ ಜೋಡಿ ನಿಲ್ಲಿಸಿ ಎತ್ತರ ನೋಡಿದ್ರು, ಅವು ಕುಗ್ಗಿರಲಿಲ್ಲ. ಹೌಸಿಂಗಿನ ಬೆರಳಿನ್ಯಾಗ ಪ್ಲೇಟಿನ ಕಿವಿ ಬಡದು ಬಡದು ಕಚ್ಚು ಬಿದ್ದಿದ್ರ ಗಾಡಿ ಬಿಡುವಾಗ ಝಟಕಾ ಹೊಡೀತೈತಿ, ನಂದ್ರಾಗ ಅದೂ ಇರಲಿಲ್ಲ.

ಹೊಳಪು ಬಂದ ಪ್ಲೇಟು ಪಾಲಿಶ್ ಪೇಪರಿಲೆ ತಿಕ್ಕಿ ಹಾಕೂ ಮಂದಿ ಅದಾರ, ಕಾಕಾನೂ "ಬೇಕಂದ್ರ ತಿಕ್ಕಿ ಕೊಡ್ತೀನಿ, ದೀಪಾವಳಿ ಮಟ ಬರಬೌದು" ಅಂದ್ರು. ನಾ ಹೊಸಾವ ಹಾಕ್ಸಿದೆ, ಮೂರನೇ ಸಲ ಬಿಚ್ಚೂದು ಬ್ಯಾಡಾಗಿತ್ತು. ಹೊಸಾ ಪ್ಲೇಟು ಬೈಕ್ ಎಣ್ಯಾಗ ರಾತ್ರಿಯೆಲ್ಲಾ ನೆನಿ ಹಾಕಿ ಮರುದಿನ ಹಾಕಿದ್ರು, ಒಣಾ ಹಾಕಿದ್ರ ಚಾಲೂ ಮಾಡಿದ ಕೂಡ್ಲೆ ಕಾದು ಕೂಡ್ತಾವಂತ. ಕವರಿನ ಪ್ಯಾಕಿಂಗ್ ಹೊಸಾದು. ಹಳೇ ಎಣ್ಣಿ ಪೂರಾ ಸೋರಿಸಿ, ಹೊಸಾದು ಹಾಕಿ ಒಂದು ವಾರ ಓಡ್ಸಿ, ಮತ್ತ ಒಮ್ಮೆ ಬದಲಿ, ಮೂಲ್ಯಾಗ ಉಳದ ಕಾರಿನ ಎಣ್ಣಿ ತೊಳದು ಹೋಗ್ಲಿ ಅಂತ.

ನೀವು ಮನ್ಯಾಗ ಚೆಕ್ ಮಾಡಬೇಕಂದ್ರ ಖಾಲಿ ಸಪಾಟ ರೋಡಿನಾಗ ಟಾಪ್ ಗೇರಿನಾಗ 40ರಾಗ ಹೋಗುವಾಗ ಒಮ್ಮೆಲೆ ಪೂರಾ ರೇಸ್ ಕೊಡ್ರಿ. ಸಪ್ಪಳ ಜಿಗಿದು ಸ್ಪೀಡ್ ಹಂಗ ಉಳದ್ರ ಸ್ಲಿಪ್. ಸಪ್ಪಳ, ಸ್ಪೀಡ್ ಎರಡೂ ಸಾವಕಾಶ ಕೂಡೇ ಏರಿದ್ರ ಕ್ಲಚ್ಚಿನ ತಪ್ಪಿಲ್ಲ, ಪಿಕಪ್ ಇಲ್ಲಾಂದ್ರ ಕಾರ್ಬೊರೇಟರ್, ಏರ್ ಫಿಲ್ಟರ್, ಜಾಮ್ ಆದ ಬ್ರೇಕ್ ಕಡೆ ನೋಡ್ರಿ.

ಇದರ ಉಲ್ಟಾ ರೋಗಾನೂ ಒಂದೈತಿ, ಮಳಿಗಾಲದಾಗ ನನಗ ಅದೂ ಆತು. ಬಸವೇಶ್ವರ ಸರ್ಕಲ್ಲಿನಾಗ ಕ್ಲಚ್ ಪೂರಾ ಹಿಡದು ನಿಂತ್ರೂ ಗಾಡಿ ಮುಂದ ಮುಂದ ಸರೀತಿತ್ತು, ನ್ಯೂಟ್ರಲ್ ಬೀಳವಲ್ದು, ಹಿಂದಿನ ಆಟೊದಾಂವ ಹಾರ್ನ್ ಮ್ಯಾಲ ಹಾರ್ನ್. ಇದು ಕ್ಲಚ್ ಪೂರಾ ಬಿಡದ ರೋಗ. ಈ ಸಲ ಗ್ಯಾರೇಜಿಗೆ ಓಡ್ಲಿಲ್ಲ, ಮೊದ್ಲ ಲಿವರ್ ನೋಡಿದೆ, ಆಟ ಹೆಬ್ಬೆಟ್ಟಿನ ಎರಡು ಪಟ್ಟು ಆಗಿತ್ತು. ರಬ್ಬರ್ ಸರಿಸಿ ನೋಡಿದ್ರ ಲಿವರ್ ಹತ್ರ ಗುಂಡು ಇರೂ ಕಡೆ ವೈರಿನ ಎಳಿ ಮೂರು ನಾಕು ಹರದು ಕೂದಲಾ ಎದ್ದಂಗ ಎದ್ದಿದ್ವು. ಹೊಸಾ ವೈರ್ ತಂದು, ಹಾಕೂ ಮೊದ್ಲ ತುದಿಗೆ ಪ್ಲಾಸ್ಟಿಕ್ ಕೊಟ್ಟಿ ಕಟ್ಟಿ ಅದ್ರಾಗ ಎಣ್ಣಿ ಬಿಟ್ಟು ಜೋತು ಬಿಟ್ಟೆ, ಕೆಳಗಿನ ತುದಿಯಿಂದ ಹನಿ ಬೀಳೂತನಕ. ನಮ್ಮ ಕಡೆ ಎರಿ ಮಣ್ಣಿನ ಧೂಳು ಒಳಗ ಹೊಕ್ಕು ಮಳ್ಯಾಗ ಹಸಿಯಾಗಿ ವೈರ್ ಜಾಮ್ ಆಗೂದು ಬಾಳ. ಕೆಳಗ ಎಂಜಿನ್ ಹತ್ರ ಇರೂ ನಟ್ಟಿಲೆ ದೊಡ್ಡ ಹೊಂದಾಣಿಕಿ, ಮ್ಯಾಲ ಲಿವರ್ ಹತ್ರ ಸಣ್ಣದು. ಅರ್ಧ ತಾಸಿನ ಕೆಲಸ, ಎರಡು ಪಾನಾ ಸಾಕು.

ಆ ತುಟ್ಟಿ ಎಣ್ಣಿ ಇನ್ನೂ ಅರ್ಧ ಡಬ್ಬಿ ಉಳದೈತಿ. ಗೇಟಿನ ಕೀಲಿಗೆ, ಮೇವು ಕತ್ತರ್ಸೂ ಮಷೀನಿಗೆ ಹಾಕಾಕತ್ತೀನಿ, ಭಾರಿ ಜಾರ್ತೈತಿ.